ತೂಫಾನ್ ಎಂಬ ಒಂದು ಮಾತು, ಮುಂಬಯಿಯ ಹಲವು ಬಿರುಗಾಳಿಗಳು

2024ರ ಮೇ 13ರ ಸೋಮವಾರ ಸಂಜೆ ನಾಲ್ಕು ಗಂಟೆಯ ಸುಮಾರಿಗೆ ಮುಂಬಯಿಯ ಪೂರ್ವ ಉಪನಗರಗಳಲ್ಲಿ ಹಗಲೇ ಮಂಕಾಯಿತು. ಮೊದಲು ಧೂಳು ಎದ್ದಿತು, ಅದರ ಬೆನ್ನಿಗೇ ಗಾಳಿ ಬಂದಿತು, ಆಮೇಲೆ ಮಳೆ. ಕುರ್ಲಾ ಪೂರ್ವದ ನಮ್ಮ ನಾಲ್ಕು ಮಾಳಿಗೆಯ ಹಳೆಯ ಕಟ್ಟಡದಲ್ಲಿ ಕರೆಂಟು ಹೋದದ್ದೇ ತಡ, ಮನೆಯೊಳಗಿನ ಸೆಕೆ ತಾಳಲಾರದೆ ಎಲ್ಲರೂ ಒಬ್ಬೊಬ್ಬರಾಗಿ ಮೆಟ್ಟಿಲ ಮೇಲೆ ಬಂದು ಕುಳಿತರು. ಅಷ್ಟರಲ್ಲಿ ಮೊಬೈಲುಗಳಲ್ಲಿ ಸುದ್ದಿ ಬರತೊಡಗಿತು: ನಮ್ಮಿಂದ ಎರಡು-ಮೂರು ಕಿಲೋಮೀಟರು ದೂರದ ಘಾಟ್ಕೋಪರದ ಛೇಡಾ ನಗರದಲ್ಲಿ ಪೆಟ್ರೋಲ್ ಪಂಪಿನ ಮೇಲೆ ಭಾರಿ ಹೋರ್ಡಿಂಗ್ ಒಂದು ಉರುಳಿ ಬಿದ್ದಿದೆ. ಮಳೆಗಾಳಿಯಿಂದ ತಪ್ಪಿಸಿಕೊಳ್ಳಲು ಪಂಪಿನ ಸೂರಿನಡಿ ನಿಂತವರು ಕೂಡ ಅದರಡಿ ಸಿಕ್ಕಿಹಾಕಿಕೊಂಡಿದ್ದರು. ಕೊನೆಯ ಲೆಕ್ಕದಲ್ಲಿ ಸತ್ತವರು 17 ಜನ.

ಆ ರಾತ್ರಿ ಮೆಟ್ಟಿಲ ಮೇಲೆ ನಡೆದ ಮಾತುಕತೆಯೇ ಈ ಲೇಖನಕ್ಕೆ ಕಾರಣ. ತಳಮಾಳಿಗೆಯಲ್ಲಿರುವ ಕಾರ್ಕಳದ ಶೆಟ್ಟರು, "ಇದೆಂಥ ತೂಫಾನ್ ಮಾರಾಯ್ರೆ, ತೂಫಾನ್ ಅಂದ್ರೆ 2005ರ ಆಟಿ ತಿಂಗಳದ್ದು" ಎಂದರು. ಎರಡನೆಯ ಮಾಳಿಗೆಯ ವಿಜಯಪುರದ ಅಜ್ಜ ಒಪ್ಪಲಿಲ್ಲ: "ಅದು ಬರೇ ಮಳಿ ರೀ, ಅದರಾಗ ಗಾಳಿ ಎಲ್ಲಿತ್ತು? ಖರೇ ಬಿರುಗಾಳಿ ಅಂದ್ರ ಇದು. ಕೃತ್ತಿಕಾ ಮಳಿ ಹಿಂಗ ಬರತೈತಿ." ಮಲ್ಪೆಯ ಮೊಗವೀರ ಮನೆತನದ ಅಕ್ಕ 2021ರ ತೌಕ್ತೆ ಚಂಡಮಾರುತವನ್ನು ನೆನೆದರು, ಅದು ಮೊದಲು ಊರಿನ ಮನೆಯ ಹೆಂಚು ಹಾರಿಸಿ, ಮರುದಿನ ಬಿಟ್ಟು ಮೂರನೆಯ ದಿನ ಮುಂಬಯಿಯಲ್ಲಿ ಅವರ ಕಿಟಕಿಯ ಗಾಜು ಒಡೆದಿತ್ತು. ಶ್ರೀವರ್ಧನದ ಮರಾಠಿ ಕಾಕು ಮಾತ್ರ, ನಿಮಗೆ ಯಾರಿಗೂ ‘ವಾದಳ್’ (ಬಿರುಗಾಳಿ) ಎಂದರೇನೆಂದು ಗೊತ್ತಿಲ್ಲ, 2020ರ ನಿಸರ್ಗ ಚಂಡಮಾರುತದ ದಿನ ನಮ್ಮ ಅಡಿಕೆ ತೋಟ ಮಲಗಿದ್ದನ್ನು ನೋಡಬೇಕಿತ್ತು ಎಂದು ಮಾತು ಮುಗಿಸಿಬಿಟ್ಟರು.

ಯಾವುದು ದೊಡ್ಡದು ಎಂಬ ಈ ವಾದ ಎಷ್ಟು ಹೊತ್ತು ನಡೆದರೂ ಇತ್ಯರ್ಥವಾಗುವಂಥದ್ದಲ್ಲ, ಏಕೆಂದರೆ ನಾಲ್ವರೂ ತೂಫಾನ್ ಎಂಬ ಒಂದೇ ಮಾತಿನಲ್ಲಿ ಬೇರೆ ಬೇರೆ ಸಂಗತಿಗಳನ್ನು ಹೇಳುತ್ತಿದ್ದರು. 2005ರದ್ದು ನೀರಿನ ಹಾವಳಿ. 2024ರದ್ದು ಗುಡುಗುಮೋಡದಿಂದ ಕೆಳಗಿಳಿದ ಗಾಳಿ. ನಿಸರ್ಗ ಮತ್ತು ತೌಕ್ತೆ ಸಮುದ್ರದ ಮೇಲೆ ಹುಟ್ಟಿದ ಚಂಡಮಾರುತಗಳಾದರೂ ಅವೆರಡೂ ಮುಂಬಯಿಯನ್ನು ನಡೆಸಿಕೊಂಡ ರೀತಿ ಒಂದೇ ಆಗಿರಲಿಲ್ಲ. ಇವುಗಳ ಕಾರಣ, ಹಾನಿ ಮಾಡುವ ಬಗೆ, ಮುನ್ಸೂಚನೆಗೆ ಸಿಗುವ ಅವಧಿ ಎಲ್ಲವೂ ಬೇರೆ. ನೆರೆಯವರ ಅನುಭವಗಳನ್ನು ಹೀಗೆ ಬಿಡಿಸಿಕೊಂಡು ಕೇಳಿದರೆ, ಹರಟೆಯಂತೆ ಕಾಣುವ ಮಾತುಗಳಲ್ಲಿಯೇ ಈ ನಗರಕ್ಕೆ ಪೆಟ್ಟು ಬೀಳುವುದು ಎಲ್ಲಿ ಎಂಬ ಸಾಕಷ್ಟು ಖಚಿತವಾದ ತಿಳಿವಳಿಕೆ ಸಿಗುತ್ತದೆ.

ಶೆಟ್ಟರ ನೀರಿನಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಮುಂಬಯಿಯಲ್ಲಿ ಅತಿ ಹೆಚ್ಚು ಮನೆಗಳನ್ನು ಹಾಳುಮಾಡುವುದು ಅದೇ. 2005ರ ಜುಲೈ 26ರ ಮಳೆಯನ್ನು ಸಾಂತಾಕ್ರೂಜ್ ವೀಕ್ಷಣಾಲಯ 24 ಗಂಟೆಗಳಲ್ಲಿ 944 ಮಿಲಿಮೀಟರ್ ಎಂದು ದಾಖಲಿಸಿತು. ಅಲ್ಲಿಂದ ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರು ದಕ್ಷಿಣದ ಕೊಲಾಬಾದಲ್ಲಿ ಅದೇ ಅವಧಿಯ ಮಳೆ 73 ಮಿಲಿಮೀಟರ್ ಮಾತ್ರ. ಒಂದೇ ನಗರದ ಎರಡು ತುದಿಗಳಲ್ಲಿ ಕುಳಿತವರು ಆ ದಿನದ ಬಗ್ಗೆ ಒಂದೇ ಕಥೆ ಹೇಳಲು ಸಾಧ್ಯವೇ ಇರಲಿಲ್ಲ. ಕೋಟೆ ಪ್ರದೇಶದ ಕಚೇರಿಗಳಲ್ಲಿದ್ದ ಎಷ್ಟೋ ಮಂದಿಗೆ ಉಪನಗರಗಳು ಮುಳುಗುತ್ತಿರುವುದು ಲೋಕಲ್ ಗಾಡಿಗಳು ನಿಂತ ಮೇಲೆಯೇ ತಿಳಿದದ್ದು. ಆಗ ಮುಂಬಯಿಯಲ್ಲಿ ಡಾಪ್ಲರ್ ರಾಡಾರ್ ಇರಲಿಲ್ಲ. ಮೋಡದೊಳಗಿನ ಮಳೆಯನ್ನೂ ಗಾಳಿಯ ಚಲನೆಯನ್ನೂ ಆ ಕ್ಷಣದಲ್ಲೇ ಅಳೆಯುವ ಆ ಯಂತ್ರ ಕೊಲಾಬಾಕ್ಕೆ ಬಂದದ್ದು ಆ ಬಳಿಕ, ಅಂಧೇರಿಯ ವೆರಾವಲಿಯಲ್ಲಿ ಎರಡನೆಯದು ಕೆಲಸ ಆರಂಭಿಸಿದ್ದು 2022ರಲ್ಲಿ.

ಮಿಲಿಮೀಟರ್ ಎಂಬ ಅಳತೆ ಕೇಳುವವರಿಗೆ ಏನನ್ನೂ ಹೇಳುವುದಿಲ್ಲ ಎಂಬುದು ನನ್ನ ಅನುಭವ, ಆದ್ದರಿಂದ ಅದನ್ನು ಲೀಟರಿನ ಲೆಕ್ಕಕ್ಕೆ ತರುವುದು ಲೇಸು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಅಂದರೆ ಸಾಂತಾಕ್ರೂಜಿನ ಸುತ್ತ ಒಂದು ಮಂಚ ಹಾಕುವಷ್ಟು ಜಾಗದ ಮೇಲೆಯೇ ಆ ದಿನ ಸುಮಾರು ಎರಡು ಸಾವಿರ ಲೀಟರ್ ನೀರು ಸುರಿದಿತ್ತು, ಅದರ ಬಹುಪಾಲು ಮಧ್ಯಾಹ್ನದಿಂದ ರಾತ್ರಿಯೊಳಗೆ. ಇದನ್ನು ಹೊರಗೆ ಸಾಗಿಸಬೇಕಾಗಿದ್ದ ನಗರದ ಹಳೆಯ ಮಳೆನೀರಿನ ಗಟಾರಗಳು ಗಂಟೆಗೆ 25 ಮಿಲಿಮೀಟರ್ ಮಳೆಯನ್ನು ಲೆಕ್ಕಕ್ಕಿಟ್ಟುಕೊಂಡು ಕಟ್ಟಿದಂಥವು. ಅವನ್ನು ಗಂಟೆಗೆ 50 ಮಿಲಿಮೀಟರಿಗೆ ಏರಿಸುವ ಬ್ರಿಮ್‌ಸ್ಟೋವಾಡ್ ಯೋಜನೆಯ ವರದಿ 1993ರಲ್ಲೇ ಸಿದ್ಧವಾಗಿತ್ತಾದರೂ, ಕೆಲಸಕ್ಕೆ ವೇಗ ಬಂದದ್ದು 2005ರ ಅನಾಹುತವಾದ ಮೇಲೆ.

ಗಟಾರದ ಅಳತೆಗಿಂತ ದೊಡ್ಡ ತೊಡಕು ಸಮುದ್ರದ್ದು. ಕರಾವಳಿಯ ನಮ್ಮವರು ‘ಭರತ’ ಎನ್ನುವುದನ್ನು, ಮರಾಠಿಯವರು ‘ಭರತಿ’ ಎನ್ನುವುದನ್ನು, ಪುಸ್ತಕದ ಕನ್ನಡದಲ್ಲಿ ಉಬ್ಬರ ಎನ್ನುತ್ತೇವೆ. ಮುಂಬಯಿಯ ಗಟಾರಗಳು ಸಮುದ್ರಕ್ಕೆ ಸೇರುವ ಬಾಯಿಗಳಲ್ಲಿ ಬಹುಪಾಲು ದೊಡ್ಡ ಭರತದ ಮಟ್ಟಕ್ಕಿಂತ ಕೆಳಗಿವೆ. ಇಳಿತದ ಹೊತ್ತಿನಲ್ಲಿ ಮಳೆ ಬಂದರೆ ನೀರು ತಾನೇ ಹರಿದುಹೋಗುತ್ತದೆ. ಭರತದ ಹೊತ್ತಿನಲ್ಲಿ ಬಂದರೆ ಸಮುದ್ರದ ನೀರೇ ಬಾಯಿಯಲ್ಲಿ ಬಿರಡೆಯಂತೆ ಕುಳಿತಿರುವುದರಿಂದ ಮಳೆನೀರು ಹಿಂದಕ್ಕೆ ತಿರುಗಿ ರಸ್ತೆಯ ಮ್ಯಾನ್‌ಹೋಲುಗಳಿಂದ ಮೇಲೆ ಉಕ್ಕುತ್ತದೆ. ಆ ಜುಲೈ 26ರಂದು ಮಳೆಯ ಬಿರುಸೂ ಸುಮಾರು ನಾಲ್ಕೂವರೆ ಮೀಟರಿನ ಭರತವೂ ಒಟ್ಟಿಗೆ ಬಂದವು. ಪವಯಿ ಮತ್ತು ವಿಹಾರ ಕೆರೆಗಳ ಕೋಡಿಯಿಂದ ಹೊರಟು ಮಾಹಿಮ್ ಕೊಲ್ಲಿಯನ್ನು ಸೇರುವ ಮೀಠಿ ನದಿ ಕುರ್ಲಾ ಮತ್ತು ಕಲೀನಾದ ವಸತಿಗಳಿಗೆ ನುಗ್ಗಿತು. ಎಷ್ಟೋ ವರ್ಷಗಳಿಂದ ಮುಂಬಯಿಯವರು ಅದನ್ನು ನಾಲಾ ಎಂದೇ ಕರೆಯುತ್ತಿದ್ದರು, ನದಿಯೆಂದು ಎಷ್ಟೋ ಜನರಿಗೆ ತಿಳಿದದ್ದೇ ಆ ದಿನ. ನಗರದಲ್ಲಿ ಸತ್ತವರ ಸಂಖ್ಯೆ ನಾನೂರನ್ನು ದಾಟಿತು. ಮುಳುಗಿದವರು, ಸಾಕಿನಾಕಾದ ಗುಡ್ಡ ಕುಸಿತದಲ್ಲಿ ಸಿಕ್ಕವರು, ಕರೆಂಟು ತಗಲಿದವರು ಇದರಲ್ಲಿ ಸೇರಿದ್ದರು. ಬಾಗಿಲು ತೆರೆಯಲಾಗದೆ ಕಾರಿನೊಳಗೇ ಉಸಿರುಗಟ್ಟಿ ಹೋದವರೂ ಇದ್ದರು.

ಶೆಟ್ಟರು ಹೇಳುವ ಒಂದು ವಿವರ ಇಲ್ಲಿ ಮುಖ್ಯವಾಗುತ್ತದೆ. ಅವರ ಮನೆಗೆ ನೀರು ಬಾಗಿಲಿನಿಂದ ಬರಲಿಲ್ಲವಂತೆ, ಮೊದಲು ಬಂದದ್ದು ಬಚ್ಚಲಿನ ಮೋರಿಯಿಂದ. ಅವರು ಹೊಸ್ತಿಲಿಗೆ ಗೋಣಿಚೀಲ ಒತ್ತುತ್ತ ಕುಳಿತಿದ್ದಾಗ ಬೆನ್ನ ಹಿಂದೆ ಅಡಿಗೆಮನೆ ತುಂಬಿತ್ತು. ಗಟಾರ ಹಿಮ್ಮುಖವಾಗಿ ಹರಿಯುತ್ತದೆ ಎಂಬ ಮೇಲಿನ ವಿವರಣೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಈಗ ಅವರು ಜೂನ್ ಬಂತೆಂದರೆ ಮೋರಿಯ ಬಾಯಿಗೆ ಹಳೆಯ ಬಟ್ಟೆ ತುರುಕಿ ಅದರ ಮೇಲೆ ರುಬ್ಬುವ ಕಲ್ಲನ್ನು ಇಡಲು ಸಿದ್ಧವಾಗಿರುತ್ತಾರೆ, ಮತ್ತು ಪಾಲಿಕೆ ಪ್ರತಿ ಮಳೆಗಾಲಕ್ಕೆ ಮುಂಚೆ ಪ್ರಕಟಿಸುವ ದೊಡ್ಡ ಭರತದ ದಿನಗಳ ಪಟ್ಟಿಯನ್ನು ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿರುತ್ತಾರೆ. ಹಾಜಿ ಅಲಿ, ಇರ್ಲಾ, ಲವ್ ಗ್ರೋವ್ ಮುಂತಾದೆಡೆ ಕಟ್ಟಿದ ಪಂಪಿಂಗ್ ಸ್ಟೇಷನ್ನುಗಳ ಕೆಲಸವೂ ದೊಡ್ಡ ಗಾತ್ರದಲ್ಲಿ ಇದೇ: ಭರತದ ಹೊತ್ತಿಗೆ ಗಟಾರದ ಬಾಯಿ ಮುಚ್ಚಿ, ಒಳಗಿನ ನೀರನ್ನು ಸಮುದ್ರಕ್ಕೆ ಎತ್ತಿ ಹಾಕುವುದು.

2017ರ ಆಗಸ್ಟ್ 29ರಂದು ಸಾಯನಿನಿಂದ ಕುರ್ಲಾಕ್ಕೆ ಹಳಿಯ ಪಕ್ಕದಲ್ಲಿ ನೀರು ತುಳಿದುಕೊಂಡು ನಡೆದು ಬಂದವರಲ್ಲಿ ನಾನೂ ಒಬ್ಬ. ಸಾಂತಾಕ್ರೂಜಿನಲ್ಲಿ ಅಂದಿನ ಮಳೆ 300 ಮಿಲಿಮೀಟರಿಗಿಂತ ಹೆಚ್ಚಾಗಿತ್ತು, ಅಂದರೆ 2005ರ ಮೂರನೆಯ ಒಂದು ಪಾಲು. ಆದರೂ ನಗರ ನಿಂತುಹೋಯಿತು, ಮತ್ತು ನೀರು ಬೇಗ ಇಳಿಯಲೆಂದು ತೆರೆದಿಟ್ಟ ಮ್ಯಾನ್‌ಹೋಲಿಗೆ ಬಿದ್ದು ನಗರದ ಹಿರಿಯ ವೈದ್ಯರೊಬ್ಬರು ತೀರಿಕೊಂಡರು. ಮ್ಯಾನ್‌ಹೋಲುಗಳ ಮುಚ್ಚಳದ ಕೆಳಗೆ ಕಬ್ಬಿಣದ ಜಾಲರಿ ಕೂರಿಸುವ ಕ್ರಮ ಆ ಸಾವಿನ ನಂತರ ಆರಂಭವಾಯಿತು. ಮಳೆಯ ಅಳತೆಗೂ ಹಾನಿಯ ಅಳತೆಗೂ ನೇರ ಸಂಬಂಧವಿಲ್ಲ ಎಂಬುದಕ್ಕೆ ಆ ದಿನವೇ ನನಗೆ ಉದಾಹರಣೆ.

ಇನ್ನು ಚಂಡಮಾರುತಗಳ ವಿಷಯ. ಭಾರತೀಯ ಹವಾಮಾನ ಇಲಾಖೆಯ ಭಾಷೆಯಲ್ಲಿ ಸಮುದ್ರದ ಮೇಲಿನ ವಾಯುಭಾರ ಕುಸಿತದ ಸುತ್ತ ಬೀಸುವ ನಿರಂತರ ಗಾಳಿ ಗಂಟೆಗೆ 62 ಕಿಲೋಮೀಟರ್ ಮುಟ್ಟಿದಾಗ ಅದು ಚಂಡಮಾರುತವೆನಿಸಿ ಹೆಸರು ಪಡೆಯುತ್ತದೆ, 89ಕ್ಕೆ ತೀವ್ರ, 118ಕ್ಕೆ ಅತಿ ತೀವ್ರ ಎನ್ನಿಸಿಕೊಳ್ಳುತ್ತದೆ. ಹೆಸರುಗಳು 13 ದೇಶಗಳು ತಲಾ 13ರಂತೆ ಕೊಟ್ಟ ಪಟ್ಟಿಯಿಂದ ಸರದಿಯಲ್ಲಿ ಬರುತ್ತವೆ. ನಿಸರ್ಗ ಬಾಂಗ್ಲಾದೇಶ ಕೊಟ್ಟದ್ದು, ತೌಕ್ತೆ ಮ್ಯಾನ್ಮಾರ್ ಕೊಟ್ಟ ಹಲ್ಲಿಯ ಹೆಸರು. ಅರಬ್ಬಿ ಸಮುದ್ರದಲ್ಲಿ ಇವು ಹುಟ್ಟುವುದು ಹೆಚ್ಚಾಗಿ ಮುಂಗಾರಿನ ಮುಂಚಿನ ಮೇ-ಜೂನಿನಲ್ಲಿ ಮತ್ತು ಮುಂಗಾರು ಮುಗಿದ ಮೇಲೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ನಡುವಿನ ತಿಂಗಳುಗಳಲ್ಲಿ ಮುಂಗಾರಿನ ಗಾಳಿ ಕೆಳಗೆ ಒಂದು ದಿಕ್ಕಿಗೆ, ಮೇಲೆ ಇನ್ನೊಂದು ದಿಕ್ಕಿಗೆ ಜೋರಾಗಿ ಬೀಸುವುದರಿಂದ ಸುಳಿಯ ಕಂಬ ನೆಟ್ಟಗೆ ನಿಲ್ಲಲಾರದು. ಹುಟ್ಟಿದವುಗಳಲ್ಲಿಯೂ ಹೆಚ್ಚಿನವು ಒಮಾನಿನ ಕಡೆಗೆ ಅಥವಾ ಗುಜರಾತಿನ ಕಡೆಗೆ ಹೋಗುವುದರಿಂದ ಮುಂಬಯಿಗೆ ನೇರ ಏಟು ಬೀಳುವುದು ಅಪರೂಪ.

ಹಾಗಾದರೆ 2020ರ ಜೂನ್ 3ರಂದು ಮುಂಬಯಿಯ ದಕ್ಷಿಣಕ್ಕೆ, ರಾಯಗಡ ಜಿಲ್ಲೆಯ ಕರಾವಳಿಯಲ್ಲಿ ನೆಲ ತಾಕಿದ ನಿಸರ್ಗ ನಗರವನ್ನು ಬಹುಮಟ್ಟಿಗೆ ಬಿಟ್ಟುಹೋದದ್ದೇಕೆ, ಮುಂಬಯಿಯಿಂದ ನೂರು ಕಿಲೋಮೀಟರಿಗೂ ದೂರದಲ್ಲಿ ಸಮುದ್ರದ ಮೇಲೆಯೇ ಹಾದುಹೋದ ತೌಕ್ತೆ 2021ರ ಮೇ 17ರಂದು ಇಡೀ ನಗರವನ್ನು ಅಲುಗಿಸಿದ್ದೇಕೆ? ಕಾಕುವಿಗೂ ಮಲ್ಪೆಯ ಅಕ್ಕನಿಗೂ ನಡುವಿನ ವಾದದ ಒಳಗುಟ್ಟು ಈ ಪ್ರಶ್ನೆಯಲ್ಲಿದೆ. ಭೂಮಧ್ಯರೇಖೆಯ ಉತ್ತರದಲ್ಲಿ ಚಂಡಮಾರುತದ ಗಾಳಿ ಅಪ್ರದಕ್ಷಿಣವಾಗಿ ಸುತ್ತುತ್ತದೆ. ಅದು ಮುಂದೆ ಸಾಗುವ ದಿಕ್ಕಿಗೆ ಮುಖ ಮಾಡಿ ನಿಂತರೆ, ಬಲಗಡೆಯಲ್ಲಿ ಸುತ್ತುವ ಗಾಳಿಗೆ ಸಾಗುವ ವೇಗವೂ ಕೂಡಿಕೊಳ್ಳುತ್ತದೆ, ಎಡಗಡೆಯಲ್ಲಿ ಅದೇ ವೇಗ ಕಳೆದುಹೋಗುತ್ತದೆ. ನಿಸರ್ಗ ಈಶಾನ್ಯಕ್ಕೆ ನಡೆಯುತ್ತಿದ್ದುದರಿಂದ ಮುಂಬಯಿ ಅದರ ಎಡಕ್ಕೆ ಬಿದ್ದಿತು. ನಗರದ ಮೇಲೆ ಗಾಳಿ ನೆಲದ ಕಡೆಯಿಂದ ಬೀಸಿ ಸಮುದ್ರದ ನೀರನ್ನು ಒಳಗೆ ತರುವ ಬದಲು ಹೊರಗೆ ತಳ್ಳುವಂತಿತ್ತು. ಶ್ರೀವರ್ಧನ, ದಿವೇಆಗರಗಳ ತೋಟಗಳ ಮೇಲೆಯೇ ಅದರ ಪೂರ್ತಿ ಬಲ ಇಳಿಯಿತು. ಅಡಿಕೆ ಗಿಡ ನೆಟ್ಟು ಫಸಲು ಕಾಣಲು ಏಳೆಂಟು ವರ್ಷ ಕಾಯಬೇಕಾಗುವುದರಿಂದ ಕಾಕುವಿನ ಮನೆಯವರಿಗೆ ಆ ತೂಫಾನ್ ಇನ್ನೂ ಮುಗಿದಿಲ್ಲ.

ತೌಕ್ತೆ ಉತ್ತರಕ್ಕೆ ಸಾಗುತ್ತಿತ್ತು, ಆದ್ದರಿಂದ ಲಕ್ಷದ್ವೀಪದ ಬಳಿ ಹುಟ್ಟಿದಾಗಿನಿಂದ ಗುಜರಾತಿನ ಊನಾದ ಹತ್ತಿರ ನೆಲ ಸೇರುವವರೆಗೆ ನಮ್ಮ ಪಶ್ಚಿಮ ಕರಾವಳಿ ಉದ್ದಕ್ಕೂ ಅದರ ಬಲಗಡೆಗೇ ಇತ್ತು. ಮೇ 15ರಂದು ಉಡುಪಿ ಮತ್ತು ದಕ್ಷಿಣ ಕನ್ನಡದ ಕಡಲತೀರಗಳಲ್ಲಿ ಅಲೆಗಳು ಮನೆ-ರಸ್ತೆಗಳನ್ನು ಕೊರೆದವು, 16ರಂದು ಗೋವಾದಲ್ಲಿ ಮರ ಮತ್ತು ವಿದ್ಯುತ್ ಕಂಬಗಳು ಉರುಳಿ ದಿನಗಟ್ಟಲೆ ಕತ್ತಲಾಯಿತು, 17ರಂದು ಮುಂಬಯಿಯ ಸರದಿ ಬಂತು. ಮಲ್ಪೆಯ ಅಕ್ಕ ಹೇಳುವಂತೆ, ಆ ಮೂರು ದಿನ ಊರಿನಿಂದ ಬಂದ ಒಂದೊಂದು ಫೋನ್ ಕರೆಯೂ ಅವರಿಗೆ ಹವಾಮಾನ ವರದಿಯಾಗಿತ್ತು. ಹೆಂಚು ಹಾರಿದ ಸುದ್ದಿ ಕೇಳಿದೊಡನೆ ಅವರು ಬಾಲ್ಕನಿಯ ಕುಂಡಗಳನ್ನೆಲ್ಲ ಒಳಗೆ ತೆಗೆದಿಟ್ಟಿದ್ದರಂತೆ, ಕಿಟಕಿಯೊಂದನ್ನು ಭದ್ರಪಡಿಸಲು ಮರೆತರು. ಕೊಲಾಬಾದಲ್ಲಿ ಗಾಳಿಯ ಹೊಡೆತ ಗಂಟೆಗೆ ನೂರು ಕಿಲೋಮೀಟರನ್ನು ಮೀರಿತು, ಸಾಂತಾಕ್ರೂಜಿನಲ್ಲಿ ಮೇ ತಿಂಗಳಿನಲ್ಲಿ ಕೇಳರಿಯದ 200 ಮಿಲಿಮೀಟರಿಗೂ ಹೆಚ್ಚು ಮಳೆಯಾಯಿತು, ನಗರದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಬಿದ್ದವು, ಜಂಬೊ ಕೋವಿಡ್ ಕೇಂದ್ರಗಳಿಂದ ನೂರಾರು ರೋಗಿಗಳನ್ನು ಮುಂಚಿತವಾಗಿಯೇ ಬೇರೆಡೆಗೆ ಸಾಗಿಸಲಾಯಿತು. ಆದರೆ ಆ ತೂಫಾನಿನ ಅತಿ ದೊಡ್ಡ ಸಾವುನೋವು ನಗರದಲ್ಲಿ ಆಗಲಿಲ್ಲ. ಬಾಂಬೆ ಹೈ ತೈಲಕ್ಷೇತ್ರದ ಬಳಿ ಲಂಗರು ಕಳಚಿಕೊಂಡು ತೇಲಿದ ಪಿ-305 ಎಂಬ ಬಾರ್ಜಿನಲ್ಲಿ 261 ಜನರಿದ್ದರು. ಅದು ಮುಳುಗಿದ ಮೇಲೆ ನೌಕಾಪಡೆ 186 ಮಂದಿಯನ್ನು ಬದುಕಿಸಿ ತಂದಿತು.

ವಿಜಯಪುರದ ಅಜ್ಜನ ಬಿರುಗಾಳಿ ಈ ಎರಡಕ್ಕೂ ಸೇರದು. ಮಳೆಯನ್ನು ನಕ್ಷತ್ರದ ಲೆಕ್ಕದಲ್ಲಿ ಹೇಳುವ ಅವರ ಪದ್ಧತಿಯಂತೆ ಮೇ ಎರಡನೆಯ ವಾರದಿಂದ ಎರಡು ವಾರ ಕೃತ್ತಿಕಾ ಮಳೆ, ಬಯಲುಸೀಮೆಯಲ್ಲಿ ಬಿರುಗಾಳಿ, ಗುಡುಗು, ಆಲಿಕಲ್ಲುಗಳೊಂದಿಗೆ ಬರುವ ಅಡ್ಡಮಳೆಯ ಕಾಲ. 2024ರ ಮೇ 13ರಂದು ಮುಂಬಯಿಗೆ ಬಂದದ್ದು ಇದರ ಒಡಹುಟ್ಟೇ. ಬಿಸಿಲಿಗೆ ಕಾದ ನೆಲದಿಂದ ಮೇಲೆದ್ದ ತೇವದ ಗಾಳಿ ಹತ್ತು-ಹನ್ನೆರಡು ಕಿಲೋಮೀಟರ್ ಎತ್ತರದ ಗುಡುಗುಮೋಡವಾಗಿ ಬೆಳೆಯುತ್ತದೆ. ಅದರೊಳಗಿನ ಮಳೆ ಬೀಳತೊಡಗಿದಾಗ ಸುತ್ತಲಿನ ಗಾಳಿಯನ್ನೂ ತನ್ನೊಂದಿಗೆ ಎಳೆದುಕೊಳ್ಳುತ್ತದೆ. ಕೆಳಗಿನ ಒಣ ಪದರದಲ್ಲಿ ಹನಿಗಳು ಆವಿಯಾಗುವಾಗ ಆ ಗಾಳಿ ತಣ್ಣಗಾಗಿ, ಭಾರವಾಗಿ, ಧೊಪ್ಪನೆ ನೆಲಕ್ಕೆ ಬಂದು ಬೀಳುತ್ತದೆ. ಬಿದ್ದ ಗಾಳಿಗೆ ಹೋಗಲು ಬೇರೆ ದಾರಿಯಿಲ್ಲದೆ, ನೆಲಕ್ಕೆ ಬಕೆಟಿನಿಂದ ನೀರು ಸುರಿದಾಗ ಆಗುವಂತೆ, ಎಲ್ಲ ದಿಕ್ಕಿಗೂ ಚಿಮ್ಮುತ್ತದೆ. ಮಳೆಗಿಂತ ಮುಂದೆ ಓಡುವ ಆ ತಣ್ಣನೆಯ ಗಾಳಿಯ ಅಂಚೇ ಧೂಳನ್ನು ಎಬ್ಬಿಸಿದ್ದು. ಚಂಡಮಾರುತವನ್ನು ಉಪಗ್ರಹ ನಾಲ್ಕೈದು ದಿನ ಮುಂಚೆ ತೋರಿಸುತ್ತದೆ. ಇಂಥ ಗಾಳಿಗೆ ಸಿಗುವ ಎಚ್ಚರಿಕೆ ಒಂದೆರಡು ಗಂಟೆಯದು, ಕೆಲವೊಮ್ಮೆ ಅಷ್ಟೂ ಇಲ್ಲ.

ಗಾಳಿಯ ಒತ್ತಡ ಅದರ ವೇಗದ ವರ್ಗದಂತೆ ಏರುತ್ತದೆ ಎಂಬ ಒಂದು ನಿಯಮ ಗೊತ್ತಿದ್ದರೆ ಛೇಡಾ ನಗರದಲ್ಲಿ ಏನಾಯಿತೆಂಬುದು ಅರ್ಥವಾಗುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟು. ಗಂಟೆಗೆ 90 ಕಿಲೋಮೀಟರ್ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 38 ಕಿಲೋ ಭಾರದಷ್ಟು ಒತ್ತುತ್ತದೆ. ಪಾಲಿಕೆಯ ನಿಯಮದಲ್ಲಿ ಹೋರ್ಡಿಂಗಿನ ಗರಿಷ್ಠ ಅಳತೆ 40 ಅಡಿಗೆ 40 ಅಡಿ. ಬಿದ್ದದ್ದು 120 ಅಡಿಗೆ 120 ಅಡಿಯದು. ಉದ್ದಗಲ ಮೂರು ಪಟ್ಟಾದಾಗ ಗಾಳಿ ಹಿಡಿಯುವ ಮೈ ಒಂಬತ್ತು ಪಟ್ಟಾಗುತ್ತದೆ. ಆ ಗಾತ್ರದ ಹಲಗೆಗೆ 90 ಕಿಲೋಮೀಟರ್ ವೇಗದ ಗಾಳಿ ನೇರವಾಗಿ ಬಡಿದರೆ ಐವತ್ತು ಟನ್ನಿನಷ್ಟು ಭಾರ ಅಡ್ಡಲಾಗಿ ಒತ್ತಿದಂತೆ, ಅದೂ ಕಂಬದ ಬುಡದಲ್ಲಿ ಮೀಟುಗೋಲಿನ ಬಲದೊಂದಿಗೆ. ಭಾರತೀಯ ಮಾನಕ 875ರ ಮೂರನೆಯ ಭಾಗ ಮುಂಬಯಿಯ ಕಟ್ಟಡಗಳ ವಿನ್ಯಾಸಕ್ಕೆ ಸೆಕೆಂಡಿಗೆ 44 ಮೀಟರ್, ಅಂದರೆ ಗಂಟೆಗೆ ಸುಮಾರು 158 ಕಿಲೋಮೀಟರ್ ವೇಗದ ಗಾಳಿಯನ್ನು ಮೂಲವಾಗಿ ಇಟ್ಟುಕೊಳ್ಳಬೇಕೆನ್ನುತ್ತದೆ. ಮುಂಬಯಿಯಲ್ಲಿ ತೌಕ್ತೆಯ ಗಾಳಿಯೂ ಆ ಮಟ್ಟವನ್ನು ಮುಟ್ಟಿರಲಿಲ್ಲ. ಹೀಗಿರುವಾಗ ಬಿದ್ದದ್ದಕ್ಕೆಲ್ಲ ಪ್ರಕೃತಿಯ ಮುನಿಸನ್ನು ಹೊಣೆ ಮಾಡುವುದು ನನ್ನ ಮಟ್ಟಿಗೆ ಸೋಮಾರಿತನ.

ನಮ್ಮ ಕಟ್ಟಡದಲ್ಲಿ ಅದೇ ಸಂಜೆ ತಾರಸಿಯ ಮಳೆ ಶೆಡ್ಡಿನ ಎರಡು ಪತ್ರಾಗಳು (ತಗಡಿನ ಹಾಳೆಗಳು) ಕಿತ್ತುಹೋದವು. ಗಾಳಿ ಒತ್ತಿ ಮುರಿಯಿತು ಎಂದು ಎಲ್ಲರೂ ಹೇಳಿದರಾದರೂ ನಡೆಯುವುದು ಬೇರೆ. ಇಳಿಜಾರು ಕಡಿಮೆಯಿರುವ ಪತ್ರಾದ ಮೇಲೆ ಗಾಳಿ ವೇಗವಾಗಿ ಹರಿದಾಗ ಮೇಲ್ಭಾಗದ ಒತ್ತಡ ಇಳಿಯುತ್ತದೆ, ಕೆಳಗಿನಿಂದ ಒಳನುಗ್ಗಿದ ಗಾಳಿ ಮೇಲಕ್ಕೆ ನೂಕುತ್ತದೆ, ಎರಡೂ ಸೇರಿ ಪತ್ರಾವನ್ನು ಎತ್ತುತ್ತವೆ. ಆದ್ದರಿಂದಲೇ ಚಾಳುಗಳಲ್ಲಿ ಪತ್ರಾದ ಮೇಲೆ ಕಲ್ಲು, ಹಳೆಯ ಟೈರು ಹೇರುವ ರೂಢಿ ಅರ್ಧ ಸರಿ, ಅರ್ಧ ಅಪಾಯ. ಹಾರುವ ಕಲ್ಲಿಗಿಂತ ಅಂಚಿನ ಸಾಲಿನಲ್ಲಿ ಹತ್ತಿರ ಹತ್ತಿರ ಹೊಡೆದ ಜೆ-ಹುಕ್ಕುಗಳೇ ಮೇಲು.

ಮರಗಳದ್ದು ಇನ್ನೊಂದು ಕಥೆ. ಗುಲ್‌ಮೊಹರಿನಂಥ ಮರಗಳ ಕೊಂಬೆ ಪೆಡಸು, ಬೇರು ಆಳಕ್ಕಿಳಿಯುವುದಿಲ್ಲ. ಅದರ ಮೇಲೆ ಬುಡದವರೆಗೆ ಕಾಂಕ್ರೀಟು ಸುರಿದು, ಪೈಪು ಹಾಕಲು ಒಂದು ಪಕ್ಕದ ಬೇರು ಕಡಿದರೆ ಮರ ಯಾವ ಕಡೆಗೆ ಬೀಳುವುದೆಂದು ಮುಂಚೆಯೇ ಹೇಳಬಹುದು. ಸೊಸೈಟಿಯ ಆವರಣದೊಳಗಿನ ಮರ ಸವರಿಸುವ ಹೊಣೆ ಸೊಸೈಟಿಯದೇ, ಆದರೆ 1975ರ ಮಹಾರಾಷ್ಟ್ರದ ನಗರ ಮರಗಳ ಸಂರಕ್ಷಣಾ ಕಾಯ್ದೆಯಂತೆ ಪಾಲಿಕೆಯ ಅನುಮತಿ ಬೇಕು. ಬಿದ್ದ ಮರಕ್ಕೂ ಕಿತ್ತ ತಂತಿಗೂ 1916ಕ್ಕೆ ಫೋನ್ ಮಾಡುವುದೇ ಮುಂಬಯಿಯಲ್ಲಿರುವ ದಾರಿ.

ಹೆಸರಿನ ಮೇಲೆ ನಮ್ಮ ನಂಬಿಕೆ ಎಷ್ಟು ಹೆಚ್ಚೆಂದರೆ, 2020ರ ಆಗಸ್ಟ್ 5ನ್ನು ಆ ರಾತ್ರಿ ಯಾರೂ ನೆನೆಯಲಿಲ್ಲ. ಅದು ಚಂಡಮಾರುತವಾಗಿರಲಿಲ್ಲ, ಮುಂಗಾರಿನ ಒಂದು ಬಿರುಸು, ಹಾಗಾಗಿ ಅದಕ್ಕೆ ಹೆಸರಿಲ್ಲ. ಆದರೆ ಕೊಲಾಬಾದಲ್ಲಿ ಅಂದು ಗಾಳಿಯ ಹೊಡೆತ ಗಂಟೆಗೆ ನೂರು ಕಿಲೋಮೀಟರನ್ನು ದಾಟಿತ್ತು, ಮಳೆ 300 ಮಿಲಿಮೀಟರ್ ಮೀರಿತ್ತು. 2005ಕ್ಕೆ ತಿರುಗುಮುರುಗಾಗಿ ದಕ್ಷಿಣ ಮುಂಬಯಿಯೇ ಹೆಚ್ಚು ನೆನೆದಿತ್ತು. ಇದಕ್ಕೆ ಎದುರಾಗಿ, ನಡೆಯದೇ ಹೆಸರು ಮಾಡಿದ ತೂಫಾನೂ ಒಂದಿದೆ. 1882ರ ಜೂನಿನಲ್ಲಿ ಚಂಡಮಾರುತವೊಂದು ಬೊಂಬಾಯಿಯಲ್ಲಿ ಲಕ್ಷ ಜನರನ್ನು ಕೊಂದಿತೆಂದು ಅನೇಕ ಪಟ್ಟಿಗಳಲ್ಲಿ ಬರೆದಿರುತ್ತದೆ. ಸಂಶೋಧಕರು ಆ ಕಾಲದ ಹವಾಮಾನ ದಾಖಲೆಗಳನ್ನು ತೆರೆದು ನೋಡಿದಾಗ ಅಂಥ ಘಟನೆಯೇ ಸಿಗಲಿಲ್ಲ. ನಿಜವಾಗಿ ಬಂದ 1948ರ ನವೆಂಬರಿನ ಚಂಡಮಾರುತವನ್ನು ಮಾತ್ರ ನಗರ ಬಹುತೇಕ ಮರೆತಿದೆ.

ಹಾಗೆಯೇ ಎಚ್ಚರಿಕೆಯ ಬಣ್ಣಗಳ ಬಗ್ಗೆಯೂ ಒಂದು ಮಾತು. 24 ಗಂಟೆಗಳಲ್ಲಿ 64.5 ಮಿಲಿಮೀಟರಿನಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4ನ್ನು ಮೀರಿದರೆ ಅತ್ಯಂತ ಭಾರಿ ಎಂಬುದು ಇಲಾಖೆಯ ವರ್ಗೀಕರಣ. ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು ಬಹುಮಟ್ಟಿಗೆ ಇದನ್ನು ಅನುಸರಿಸುತ್ತವೆ. ಈ 24 ಗಂಟೆ ಎಣಿಸುವುದು ಬೆಳಗಿನ ಎಂಟೂವರೆಯಿಂದ ಮರುದಿನದ ಎಂಟೂವರೆಗೆ. ನೂರು ಮಿಲಿಮೀಟರ್ ಮಳೆ ದಿನವಿಡೀ ಹನಿದರೆ ಶೆಟ್ಟರ ಬಚ್ಚಲು ಒಣಗಿಯೇ ಇರುತ್ತದೆ, ಅಷ್ಟೇ ಮಳೆ ಭರತದ ಎರಡು ಗಂಟೆಯಲ್ಲಿ ಸುರಿದರೆ ಮಂಚದ ಕಾಲು ಮುಳುಗುತ್ತದೆ. ಬಣ್ಣ ಎರಡಕ್ಕೂ ಒಂದೇ ಆಗಿರಬಹುದು.

ಗಾಳಿ-ಮಳೆ ನಿಂತ ಮೇಲಿನ ಹಾನಿಯ ಬಗ್ಗೆ ನೆರೆಯವರ ಅನುಭವವೇ ಹೆಚ್ಚು ಉಪಯುಕ್ತ. ನೀರಲ್ಲಿ ನಿಂತ ಕಾರನ್ನು ಗಾಬರಿಯಿಂದ ಸ್ಟಾರ್ಟ್ ಮಾಡಿದವರ ಎಂಜಿನ್ ಹಾಳಾಗುತ್ತದೆ, ಏಕೆಂದರೆ ಸಿಲಿಂಡರಿನೊಳಗೆ ಹೊಕ್ಕ ನೀರು ಗಾಳಿಯಂತೆ ಅದುಮಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡೇ ಬಾಗುತ್ತದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇಲ್ಲದಿದ್ದರೆ ಇಂಥ ಹಾನಿಗೆ ವಿಮಾ ಕಂಪನಿಗಳು ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಮೂರನೆಯ ಮಾಳಿಗೆಯ ಒಬ್ಬರು ಇದನ್ನು ಒಂದು ಕಾರಿನ ಬೆಲೆ ತೆತ್ತು ಕಲಿತರು. ಸೊಸೈಟಿಯ ವಿಮೆ ಕಟ್ಟಡಕ್ಕೆ ಸಲ್ಲುತ್ತದೆ, ಮನೆಯೊಳಗಿನ ಫ್ರಿಜ್ಜು-ಕಪಾಟುಗಳಿಗಲ್ಲ. ಅದಕ್ಕೆ 2021ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಲ್ಲೂ ಸಿಗುವ ಭಾರತ್ ಗೃಹ ರಕ್ಷಾದಂಥ ಪ್ರತ್ಯೇಕ ಪಾಲಿಸಿ ಬೇಕು. ಸರ್ಕಾರದ ಪರಿಹಾರಕ್ಕೆ ಪಂಚನಾಮೆಯಾಗಬೇಕು, ಆದ್ದರಿಂದ ಕೆಸರು ತೊಳೆಯುವ ಮುಂಚೆ ಫೋಟೋ ತೆಗೆದಿಡಬೇಕು. 2005ರಲ್ಲಿ ಶೆಟ್ಟರ ಮನೆಯವರು ಮಾಡಿದಂತೆ ಒಂದೇ ದಿನದಲ್ಲಿ ಮನೆಯನ್ನು ಫಳಫಳ ಹೊಳೆಯುವಂತೆ ತೊಳೆದಿಟ್ಟರೆ, ಬಂದವರಿಗೆ ತೋರಿಸಲು ಏನೂ ಉಳಿಯುವುದಿಲ್ಲ. ಇನ್ನು ಇಲಿಜ್ವರ: ನೀರು ಇಳಿದು ಒಂದೆರಡು ವಾರವಾದ ಮೇಲೆ ಬರುವ ಈ ಕಾಯಿಲೆ 2005ರಲ್ಲಿಯೂ ಹಲವರನ್ನು ಬಲಿ ತೆಗೆದುಕೊಂಡಿತು. ನಿಂತ ನೀರಿನಲ್ಲಿ ನಡೆದವರು 72 ಗಂಟೆಗಳೊಳಗೆ ವೈದ್ಯರನ್ನು ಕಂಡು ಮುಂಜಾಗ್ರತೆಯ ಮಾತ್ರೆ ತೆಗೆದುಕೊಳ್ಳಬೇಕೆಂದು ಪಾಲಿಕೆ ಪ್ರತಿ ಮಳೆಗಾಲದಲ್ಲಿ ಹೇಳುತ್ತದೆ, ಕಾಲಿನಲ್ಲಿ ಗಾಯವಿದ್ದವರು ಕಡ್ಡಾಯವಾಗಿ.

ಮೆಟ್ಟಿಲ ಮೇಲಿನ ಆ ಮಾತುಕತೆಯಿಂದ ಒಂದು ಕೆಲಸವಾಯಿತು. ಕಟ್ಟಡದ ಎಲ್ಲ ಮನೆಗಳ ವಿದ್ಯುತ್ ಮೀಟರುಗಳು ತಳಮಾಳಿಗೆಯ ಮೆಟ್ಟಿಲಿನ ಕೆಳಗಿನ ಮರದ ಹಲಗೆಯ ಮೇಲಿದ್ದವು. ಅವನ್ನು ಮೇಲಕ್ಕೆತ್ತಿಸಬೇಕೆಂದು ಜೂನಿನ ಸಭೆಯಲ್ಲಿ ಠರಾವಾಯಿತು. ಎಷ್ಟು ಎತ್ತರಕ್ಕೆ ಎಂಬಲ್ಲಿ ಮತ್ತೆ ವಾದ. 2005ರಲ್ಲಿ ನೀರು ಎದೆಮಟ್ಟ ಬಂದಿತ್ತೆಂದು ಶೆಟ್ಟರು, ಮೊಣಕಾಲಿಗಿಂತ ಸ್ವಲ್ಪ ಮೇಲೆ ಅಷ್ಟೇ ಎಂದು ಅಜ್ಜ. ಅಜ್ಜ ಆ ದಿನ ನಿಂತದ್ದು ಮೂರನೆಯ ಮೆಟ್ಟಿಲ ಮೇಲೆ ಎಂಬುದು ಆಮೇಲೆ ಹೊರಬಿತ್ತು. ಗೋಡೆಯಲ್ಲಿ ನೀರು ಉಳಿಸಿಹೋಗಿದ್ದ ಗೆರೆ ಎರಡು ಸಲ ಬಣ್ಣ ಬಳಿದಾಗ ಅಳಿಸಿಹೋಗಿತ್ತು. ಕೊನೆಗೆ ವೈರ್‌ಮ್ಯಾನ್ ಹಳೆಯ ಹಲಗೆಯನ್ನು ಬಿಚ್ಚಿದಾಗ ಅದರ ಹಿಂದೆ, ಬಣ್ಣದವನ ಕುಂಚ ಮುಟ್ಟದ ಗಾರೆಯ ಮೇಲೆ, ಕೆಸರಿನ ಗೆರೆ ಹಾಗೆಯೇ ಇತ್ತು. ಟೇಪು ಹಿಡಿದು ನೋಡಿದೆವು: ನೆಲದಿಂದ 3 ಅಡಿ 4 ಅಂಗುಲ. ಹಲಗೆಯ ಕೆಳ ಅಂಚು ಇದ್ದದ್ದು ಎರಡೂವರೆ ಅಡಿಯಲ್ಲಿ. ಹೊಸ ಹಲಗೆಯನ್ನು ಐದು ಅಡಿಗೆ ಕೂರಿಸಲಾಗಿದೆ. ನಾಲ್ಕನೆಯ ಮಾಳಿಗೆಯ ಇಬ್ಬರು, ನೀರು ತಮ್ಮ ಮನೆಯವರೆಗೆ ಬರುವುದಿಲ್ಲವೆಂಬ ಕಾರಣಕ್ಕೆ ತಮ್ಮ ಪಾಲಿನ ಖರ್ಚನ್ನು ಇನ್ನೂ ಕೊಟ್ಟಿಲ್ಲ. ಅವರ ಮೀಟರುಗಳೂ ಅದೇ ಹಲಗೆಯ ಮೇಲಿವೆ.